ಮನ್ನೋ ಕೆರೆಯ ತೂಬು ಎತ್ತುವ ದಿನ

ಜೂನ್ ಮಧ್ಯದಲ್ಲಿ, ಸಾಮಾನ್ಯವಾಗಿ 15ರಂದು, ಜಪಾನಿನ ಮನ್ನೋ ಪಟ್ಟಣಕ್ಕೆ ಹೋದವರು ಕೆರೆ ಏರಿಯ ಮೇಲೆ ಜಾಗ ಹಿಡಿಯುವುದಕ್ಕಿಂತ ಕೆಳಗೆ, ನೀರು ಹೊರಬೀಳುವ ಬಾಯಿಯ ಹತ್ತಿರ ನಿಲ್ಲುವುದು ವಾಸಿ. ಮೇಲೆ ಕಾಣುವುದು ಸುಮಾರು 138 ಹೆಕ್ಟೇರ್ ನಿಂತ ನೀರು, ನೀರು ಬಿಡುವ ಗೇಟಿನ ಒಂದು ಗೋಪುರ, ಅಷ್ಟೆ. ಪೂಜೆ ಮುಗಿದು ಗೋಪುರದ ಗೇಟು ತಿರುವಿದ ಮೇಲೆ ನೋಡಬೇಕಾದದ್ದೆಲ್ಲ ಕೆಳಗೇ. ನೀರು ಬೆಳ್ಳಗೆ ನೊರೆಯಾಗಿ ನುಗ್ಗುತ್ತದೆ. ಪಕ್ಕದವರ ಮಾತು ಕೇಳಿಸದು, ಕ್ಯಾಮೆರಾ ಒದ್ದೆಯಾಗುತ್ತದೆ.

ಸೆಕೆಂಡಿಗೆ ಸುಮಾರು 5 ಘನ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ 175 ಕ್ಯೂಸೆಕ್. ಕೆರೆಯಲ್ಲಿ ಹಿಡಿಯುವುದು 1.54 ಕೋಟಿ ಘನ ಮೀಟರ್, ಅರ್ಧ ಟಿಎಂಸಿಗಿಂತ ತುಸು ಹೆಚ್ಚು. ಇದೇ ವೇಗದಲ್ಲಿ ಬಿಟ್ಟುಕೊಂಡು ಹೋದರೆ, ಒಳಹರಿವು ಇಲ್ಲದಿದ್ದರೆ, ತುಂಬಿದ ಕೆರೆ 35 ದಿನಕ್ಕೆ ಬರಿದು. ಅಚ್ಚುಕಟ್ಟು ಸುಮಾರು 3,000 ಹೆಕ್ಟೇರ್. ನಾಟಿಗೆ ಜೂನ್ ತನಕ ಕಾಯುವುದು ಸೋಮಾರಿತನದಿಂದಲ್ಲ. ಉದೋನ್ ಶಾವಿಗೆಗೆ ಹೆಸರಾದ ಸೀಮೆ ಇದು. ಬಹಳ ಗದ್ದೆಗಳಲ್ಲಿ ಗೋಧಿ ಕೊಯ್ದ ಮೇಲೇ ಭತ್ತ.

ಈ ಹಬ್ಬದ ಹೆಸರು ಯುರುನುಕಿ. ಯುರು ಎಂದರೆ ತೂಬಿನ ಬೆಣೆ, ನುಕಿ ಎಂದರೆ ಕೀಳುವುದು. ಈಗ ಕೀಳುವ ಬೆಣೆಯೇ ಇಲ್ಲ, ಹೆಸರು ಮಾತ್ರ ಉಳಿದಿದೆ. ಹಳೆಯ ಏರ್ಪಾಡು ಹೀಗಿತ್ತು: ಏರಿಯ ಬುಡದಲ್ಲಿ ಅಡ್ಡಕ್ಕೆ ಮಲಗಿಸಿದ ಮರದ ಕೊಳವೆ; ಏರಿಯ ಒಳಮೈಗೆ ಒರಗಿಸಿದ ಇನ್ನೊಂದು ಕೊಳವೆ, ಅದರಲ್ಲಿ ಒಂದರ ಕೆಳಗೊಂದು ಐದು ತೂತು, ಪ್ರತಿಯೊಂದಕ್ಕೂ ಉದ್ದ ಕಂಬದ ಬೆಣೆ. ನೀರು ಇಳಿದಂತೆ ಮೇಲಿನದರಿಂದ ಒಂದೊಂದೇ ಕೀಳಬೇಕು. ಮೇಲ್ನೀರು ಬಿಸಿಲಿಗೆ ಕಾದಿರುತ್ತದೆ; ತಳದ ತಣ್ಣೀರು ಸಸಿಗೆ ಆಗದು. ತಳದ ತೂತನ್ನು ಮೊದಲೇ ಎಳೆಯಲು ಹೋದರೆ ಮೇಲಿನ ನೀರಿನ ಒತ್ತಡಕ್ಕೆ ಬೆಣೆ ಜಗ್ಗುವುದೂ ಇಲ್ಲ.

ಕೆರೆ ಕಟ್ಟಿದ್ದು 8ನೇ ಶತಮಾನದ ಆರಂಭದಲ್ಲಿ. 818ರಲ್ಲಿ ಒಡೆಯಿತು. 821ರಲ್ಲಿ ಇದೇ ಸೀಮೆಯ ಬೌದ್ಧ ಭಿಕ್ಷು ಕೂಕಾಯ್ ಬಂದು ಸುಮಾರು ಮೂರು ತಿಂಗಳಲ್ಲಿ ಏರಿ ಎಬ್ಬಿಸಿದರು. ನೀರಿನ ಕಡೆಗೆ ಬಿಲ್ಲಿನಂತೆ ಬಾಗಿದ ಏರಿಗೆ ಇಂದಿಗೂ ಅವರ ಹೆಸರೇ ಹೇಳುತ್ತಾರೆ. 1184ರಲ್ಲಿ ಮತ್ತೆ ಒಡೆದದ್ದನ್ನು ಸುಮಾರು 450 ವರ್ಷ ಯಾರೂ ಮುಟ್ಟಲಿಲ್ಲ. ಕೆರೆಯಂಗಳದಲ್ಲೇ ಹಳ್ಳಿ ಬೆಳೆಯಿತು. ನೀರಾವರಿ ಕೆಲಸಗಳಲ್ಲಿ ಪಳಗಿದ ನಿಶಿಜಿಮಾ ಹಾಚಿಬೇ ಮರಳಿ ಕಟ್ಟಿಸಿದ್ದು 1631ಕ್ಕೆ ಮುಗಿಯಿತು.

ಏರಿಯ ಕಥೆ ಎಲ್ಲರೂ ಹೇಳುತ್ತಾರೆ. ಕೆರೆಯ ನಿಜವಾದ ತಲೆನೋವು ಆ ಬುಡದ ಕೊಳವೆ. ನೆಲದೊಳಗಿನ ಮರ ಕೊಳೆಯುತ್ತದೆ. ಬದಲಿಸಬೇಕಾದರೆ ಏರಿಯನ್ನೇ ಸೀಳಿ, ಕೊಳವೆ ಹೂತು, ಮತ್ತೆ ಮಣ್ಣು ತುಂಬಿ ದಮ್ಮಸು ಹೊಡೆಯಬೇಕು. ಕೆಲವು ದಶಕಕ್ಕೊಮ್ಮೆ ಇದೇ ಗೋಳು, ಊರೂರಿನ ಬಿಟ್ಟಿ ಆಳು. ಬೇಸತ್ತು 1849ರ ಹೊತ್ತಿಗೆ ಕಲ್ಲಿನ ಕೊಳವೆ ಹಾಕತೊಡಗಿದರು. ಕಲ್ಲು ಕೊಳೆಯದು, ಆದರೆ ಸಂದು ಬಿಡುತ್ತದೆ. 1854ರ ಭೂಕಂಪಕ್ಕೆ ಕಲ್ಲುಗಳು ಸರಿದವು. ಸಂದಿನಲ್ಲಿ ಜಿನುಗಿದ ನೀರು ಕೊಳವೆಯ ಹೊರಮೈಗುಂಟ ಮಣ್ಣನ್ನು ಕೊರೆದುಕೊಂಡು ಹೋಯಿತು, ಏರಿ ಕುಸಿಯಿತು. ಹದಿನಾರು ವರ್ಷ ಕೆರೆಯಿಲ್ಲ.

1870ರಲ್ಲಿ ಬುದ್ಧಿವಂತಿಕೆಯ ಕೆಲಸ ಮಾಡಿದರು. ಏರಿಯೊಳಗೆ ಕೊಳವೆಯೇ ಬೇಡವೆಂದು ಅದರ ಮಗ್ಗುಲಿನ ಬಂಡೆಯಲ್ಲಿ ಸುರಂಗ ಕೊರೆದರು. ಬಂಡೆಗೆ ಕೊಳೆಯುವುದೂ ಗೊತ್ತಿಲ್ಲ, ಸಂದೂ ಇಲ್ಲ. 1914ರಲ್ಲಿ ಬೆಣೆಗಳ ಬದಲು ಗೋಪುರ ಬಂತು. 1959ಕ್ಕೆ ಮುಗಿದ ಎತ್ತರಿಸುವ ಕೆಲಸದಿಂದ ಏರಿ ಈಗ 32 ಮೀಟರ್.

ಇಷ್ಟು ದೊಡ್ಡ ಕೆರೆಗೆ ಸ್ವಂತ ಜಲಾನಯನ ಸಾಲದು. ವರ್ಷಕ್ಕೆ ಸುಮಾರು 1,100 ಮಿಲಿಮೀಟರ್ ಮಳೆಯ, 12 ಸಾವಿರಕ್ಕೂ ಹೆಚ್ಚು ಕೆರೆಕಟ್ಟೆಗಳಿರುವ ಕಗಾವಾ ಪ್ರಾಂತ್ಯ ಇದು. ಭತ್ತಕ್ಕೆ ನೀರು ಬೇಡದ ತಿಂಗಳುಗಳಲ್ಲಿ ಪಕ್ಕದ ದೋಕಿ ನದಿಯ ನೀರನ್ನು ಒಡ್ಡಿನಿಂದ ತಿರುಗಿಸಿ ತಂದು ತುಂಬಿಸುತ್ತಾರೆ. ಬರಗಾಲದಲ್ಲಿ ಇಲ್ಲಿ ನೀರಿನ ಪಾಳಿ ಅಳೆಯುತ್ತಿದ್ದುದು ಊದುಬತ್ತಿಯಿಂದ: ಕಡ್ಡಿ ಉರಿದು ಮುಗಿದರೆ ನಿಮ್ಮ ಗದ್ದೆಯ ಮಡೆ ಮುಚ್ಚಿ, ಮುಂದಿನವರದು ತೆರೆಯಬೇಕು.