ಮೊದಲು ನಿಲ್ಲಿಸೋದು, ಆಮೇಲೆ ಓಡಿಸೋದು: ಮಗಳ ಸೈಕಲ್ ಕಲಿಕೆ, ಇಲ್ಲಿಯವರೆಗೆ

ಮಗಳಿಗೆ ಏಳು ವರ್ಷ. ಬೇಸಿಗೆ ರಜೆಯಲ್ಲಿ ಸೈಕಲ್ ಕಲಿಸಲು ಶುರು ಮಾಡಿದೆ. ಈಗ ದಸರಾ ಹತ್ತಿರ ಬಂದಿದೆ. ಮೈಸೂರಿನ ನಮ್ಮ ಬಡಾವಣೆಯ ಅಡ್ಡರಸ್ತೆಗಳಲ್ಲಿ ಅವಳು ಚೆನ್ನಾಗಿ ಓಡಿಸುತ್ತಾಳೆ, ನಾನು ಜೊತೆಗಿದ್ದಾಗ ಮಾತ್ರ. ಇದೇ ಕೆಲಸಕ್ಕೆ ಕೈ ಹಾಕುವ ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲಿ ಅಂತ ಇಷ್ಟು ತಿಂಗಳು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಬ್ಯಾಲೆನ್ಸ್ ಬಂದರೆ ಸೈಕಲ್ ಬಂದಹಾಗೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬ್ಯಾಲೆನ್ಸ್ ಹೇಗಿದ್ದರೂ ಬರುತ್ತದೆ. ಬೇಕೆಂದ ಕಡೆ ನಿಲ್ಲಿಸಲು ಬರುವುದು ಮುಖ್ಯ. ಅದನ್ನೇ ಮೊದಲು ಕಲಿಸಬೇಕು.

ಏಪ್ರಿಲ್: ಸೈಕಲ್ ಆರಿಸಿದ್ದು

ಅಂಗಡಿಯವರು 20 ಇಂಚಿನ ಚಕ್ರದ್ದು ತೋರಿಸಿದರು. "ಬೆಳೆಯೋ ಮಗು ಮೇಡಂ, ದೊಡ್ಡದೇ ತಗೊಳ್ಳಿ, ಜಾಸ್ತಿ ದಿನ ಬರುತ್ತೆ." ದುಡ್ಡಿನ ಲೆಕ್ಕಕ್ಕೆ ಇದು ಸರಿ. ಆದರೆ ಕಲಿಯುವ ಮಗುವಿಗೆ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಂತಿರಬೇಕು. ಆಗಲೇ ಹೆದರಿಕೆ ಹೋಗುವುದು.

ವಯಸ್ಸು ನೋಡಿ ಸೈಕಲ್ ತರಬೇಡಿ, ಕಾಲಿನ ಉದ್ದ ಅಳೆದು ತನ್ನಿ. ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಎರಡು ಕಾಲಿನ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಿರಿ. ಇವಳದ್ದು 52 ಸೆಂ.ಮೀ. ಬಂತು. 20 ಇಂಚಿನ ಸೈಕಲ್ಲಿನ ಸೀಟನ್ನು ಪೂರ್ತಿ ಇಳಿಸಿದರೂ 60ರ ಹತ್ತಿರವಿತ್ತು. 16 ಇಂಚಿನದನ್ನೇ ತಂದೆವು.

ಮನೆಗೆ ತಂದು ತೂಕ ನೋಡಿದರೆ 11 ಕೆಜಿ. ಮಗುವಿನ ತೂಕವೇ 21. ತನ್ನ ಅರ್ಧ ತೂಕದ ಕಬ್ಬಿಣವನ್ನು ಅವಳು ಸಂಭಾಳಿಸಬೇಕು. ಹಾಗಾಗಿ ಬುಟ್ಟಿ, ಕ್ಯಾರಿಯರ್ ಎಲ್ಲ ಬಿಚ್ಚಿಟ್ಟೆ. ಚೈನ್ ಕವರ್ ಮಾತ್ರ ಬಿಚ್ಚಲಿಲ್ಲ. ಲಂಗ, ವೇಲು, ಶೂ ಲೇಸು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನಿಸಿ. ಬ್ರೇಕ್ ಹಿಡಿ ಅವಳ ಬೆರಳಿಗೆ ಎಟುಕುತ್ತಿರಲಿಲ್ಲ. ಬಹಳಷ್ಟು ಸೈಕಲ್ಲುಗಳಲ್ಲಿ ಬ್ರೇಕ್ ಹಿಡಿಯ ಬುಡದಲ್ಲಿ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸಿದರೆ ಹಿಡಿ ಹ್ಯಾಂಡಲ್ ಕಡೆಗೆ ಹತ್ತಿರ ಬರುತ್ತದೆ. ಕೇಬಲ್ ಬಿಗಿಯಾಗಿದ್ದರೆ ಅದರೊಳಗೆ ಎರಡು ಹನಿ ಎಣ್ಣೆ ಬಿಡಿ. ಮಗು ನಿಂತಲ್ಲೇ ಎರಡೂ ಬ್ರೇಕ್ ಒತ್ತಿ ಹಿಡಿದಾಗ ನೀವು ತಳ್ಳಿದರೂ ಚಕ್ರ ಉರುಳಬಾರದು. ಅಲ್ಲಿಯವರೆಗೆ ಆ ಸೈಕಲ್ ರಸ್ತೆಗಿಳಿಯುವುದು ಬೇಡ.

ಸೈಡ್ ವೀಲೂ ಇಲ್ಲ, ಪೆಡಲ್ಲೂ ಇಲ್ಲ

ಅವಳ ತಾತನಿಗೆ ಸೈಡ್ ವೀಲ್ ತೆಗೆದದ್ದು ಇಷ್ಟವಾಗಲಿಲ್ಲ. "ಇರಲಿ ಬಿಡಮ್ಮ, ಮಗು ಬಿದ್ದುಗಿದ್ದಾಳು" ಅಂದರು. ಸೈಕಲ್ ತಿರುಗುವಾಗ ತಿರುಗುವ ಕಡೆಗೇ ವಾಲಬೇಕು. ಸೈಡ್ ವೀಲ್ ಇದ್ದರೆ ಅದು ವಾಲುವುದೇ ಇಲ್ಲ. ಮಗು ಮೈಯನ್ನು ಹೊರಗಡೆಗೆ ಬಾಗಿಸಿ ಕೂರುವುದನ್ನು ಕಲಿಯುತ್ತದೆ. ಸೈಡ್ ವೀಲ್ ತೆಗೆದ ದಿನ ಆ ಅಭ್ಯಾಸವೇ ಅವಳನ್ನು ಬೀಳಿಸುತ್ತದೆ. ಇದನ್ನೆಲ್ಲ ವಿವರಿಸಿದ ಮೇಲೆ ತಾತ ಸ್ವಲ್ಪ ಹೊತ್ತು ಯೋಚಿಸಿ, ತಾವು ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ, ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು ಕಲಿತದ್ದನ್ನು ಹೇಳಿದರು. ಆಗ ಸೈಡ್ ವೀಲ್ ಕಂಡವರು ಯಾರು! ಮಾರನೆಯ ದಿನ ಸ್ಪ್ಯಾನರ್ ಹುಡುಕಿ ಕೊಟ್ಟವರೂ ಅವರೇ.

ಪೆಡಲ್ ಬಿಚ್ಚಲು ಸಾಮಾನ್ಯವಾಗಿ 15 ನಂಬರ್ ಸ್ಪ್ಯಾನರ್ ಬೇಕು. ಎಡಗಡೆಯ ಪೆಡಲಿನ ತಿರುಪು ಉಲ್ಟಾ ಇರುತ್ತದೆ. ಗೊತ್ತಿಲ್ಲದೆ ಬಲ ಹಾಕಿದರೆ ಇನ್ನೂ ಬಿಗಿಯಾಗುತ್ತದೆ. ನೆನಪಿಡಲು ಸುಲಭ ದಾರಿ ಇದೆ: ಸ್ಪ್ಯಾನರನ್ನು ಮೇಲ್ಮುಖವಾಗಿ ಹಾಕಿ ಹಿಂದಿನ ಚಕ್ರದ ಕಡೆಗೆ ಎಳೆಯಿರಿ. ಎರಡೂ ಕಡೆ ಹಾಗೇ ಬಿಚ್ಚುತ್ತದೆ.

ಪೆಡಲ್ ಇಲ್ಲದೆ ಕಲಿಸುವುದು ಹೊಸದೇನಲ್ಲ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಎರಡು ಚಕ್ರದ ಗಾಡಿಗೂ ಪೆಡಲ್ ಇರಲಿಲ್ಲ. ಕಾಲಲ್ಲಿ ನೆಲ ಒದ್ದುಕೊಂಡೇ ಜನ ಅದನ್ನು ಓಡಿಸುತ್ತಿದ್ದರು. ಪೆಡಲ್ ಬಂದದ್ದು 1860ರ ದಶಕದಲ್ಲಿ.

ಪಾರ್ಕಿನ ಹಿಂದೆ ಸ್ವಲ್ಪವೇ ಇಳಿಜಾರಿರುವ ರಸ್ತೆಯಿದೆ. ಬೆಳಗ್ಗೆ ಆರೂವರೆಗೆ ಅಲ್ಲಿ ಪೇಪರ್ ಹುಡುಗರನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಮೊದಲು ಸೀಟ್ ಮೇಲೆ ಕೂತು ನಡೆದಳು. ಆಮೇಲೆ ನೆಲ ಒದ್ದಳು. ಆಮೇಲೆ ಎರಡೂ ಕಾಲು ಎತ್ತಿದಳು. ಯಾವ ಕಡೆ ವಾಲುತ್ತದೋ ಆ ಕಡೆಗೇ ಹ್ಯಾಂಡಲ್ ತಿರುಗಿಸಿದರೆ ಸೈಕಲ್ ನೆಟ್ಟಗಾಗುತ್ತದೆ. ಇದನ್ನು ಬಾಯಲ್ಲಿ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ, ಮೈಗೆ ತಾನಾಗಿ ಗೊತ್ತಾಯಿತು. ನಾನು ಹೇಳಿದ್ದು ಒಂದೇ ಮಾತು: "ಚಕ್ರ ನೋಡಬೇಡ ಪುಟ್ಟಿ, ಆ ಹೊಂಗೆ ಮರ ನೋಡು."

ಮೇ, ಜೂನ್: ಬರೀ ಬ್ರೇಕು

ಕಾಲೆತ್ತಿ ಜಾರಲು ಬಂದ ಕೂಡಲೇ ಪೆಡಲ್ ಹಾಕಿಕೊಡು ಅಂತ ಹಟ ಶುರುವಾಯಿತು. ನಾನು ಹಾಕಲಿಲ್ಲ. ರಸ್ತೆಗೆ ಅಡ್ಡಲಾಗಿ ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆ. ಜಾರಿಕೊಂಡು ಬಂದು ಮುಂದಿನ ಚಕ್ರ ಗೆರೆ ಮುಟ್ಟುವ ಹೊತ್ತಿಗೆ ನಿಲ್ಲಬೇಕು. ಚಪ್ಪಲಿ ಉಜ್ಜಿ ನಿಲ್ಲಿಸಿದರೆ ಲೆಕ್ಕಕ್ಕಿಲ್ಲ. ಶೂ ಹಾಕಿಕೊಂಡು, ಬ್ರೇಕಿನಲ್ಲೇ ನಿಲ್ಲಿಸಬೇಕು.

ನಮ್ಮ ಕಡೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನದಕ್ಕೆ. ಬ್ರೇಕ್ ಹಿಡಿದಾಗ ಮೈಭಾರ ಮುಂದಕ್ಕೆ ಬರುತ್ತದೆ, ಹಾಗಾಗಿ ಮುಂದಿನ ಬ್ರೇಕಿಗೇ ಬಲ ಜಾಸ್ತಿ. ಗಾಬರಿಯಲ್ಲಿ ಅದೊಂದನ್ನೇ ಗಟ್ಟಿಯಾಗಿ ಹಿಡಿದರೆ ಹಿಂದಿನ ಚಕ್ರ ಮೇಲೆದ್ದು ಮಗು ಹ್ಯಾಂಡಲ್ ದಾಟಿ ಮುಂದೆ ಬೀಳಬಹುದು. ಅದಕ್ಕೇ ಎರಡೂ ಕೈ ಒಟ್ಟಿಗೆ, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ, ಸೊಂಟ ಸ್ವಲ್ಪ ಹಿಂದಕ್ಕೆ. ಹಾಡಿನ ಥರ ಹೇಳಿಕೊಂಡೇ ಮಾಡುತ್ತಿದ್ದಳು.

ಒಂದು ಬೆಳಗ್ಗೆ ರಾತ್ರಿಯ ಮಳೆಗೆ ರಸ್ತೆ ಒದ್ದೆಯಾಗಿತ್ತು. ಗೆರೆ ಎಳೆಯಲು ಆಗದೆ ಎರಡು ಇಟ್ಟಿಗೆ ಇಟ್ಟೆ. ಅವಳು ಇಟ್ಟಿಗೆ ದಾಟಿ ಹೋಗಿ ನಿಂತಳು. "ಅಮ್ಮ, ಬ್ರೇಕ್ ಹೇಳಿದ ಮಾತು ಕೇಳ್ತಾನೇ ಇಲ್ಲ!" ರಿಮ್ ಒದ್ದೆಯಾದರೆ ರಬ್ಬರ್ ಜಾರುತ್ತದೆ, ಹಿಡಿತ ತಡವಾಗುತ್ತದೆ. ಅದನ್ನು ಅವಳು ಸ್ವಂತ ಕೈಯಲ್ಲೇ ಕಂಡುಕೊಂಡಳು, ನನಗೆ ತುಂಬಾ ಖುಷಿಯಾಯಿತು. ಅಂದಿನಿಂದ ಮಳೆ ಬಂದ ದಿನ ಬೇಗ ಬ್ರೇಕ್ ಹಿಡಿಯುತ್ತಾಳೆ. ಉದುರಿದ ಗುಲ್‌ಮೊಹರ್ ಹೂವಿನ ಮೇಲೆ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳದ ಮೇಲೆ ತಿರುಗಬಾರದು ಅನ್ನುವುದೂ ಆಗಲೇ ಸೇರಿತು.

ಇದರ ಜೊತೆಗೆ ಒಂದು ಒಪ್ಪಂದ. ನಾನು "ನಿಲ್ಲು" ಅಂದರೆ ಮೊದಲು ನಿಲ್ಲಬೇಕು, ಯಾಕೆ ಅಂತ ಆಮೇಲೆ ಕೇಳಬಹುದು. ಆ ಪದವನ್ನು ಬೇರೆ ಯಾವುದಕ್ಕೂ, ಸುಮ್ನೆ ತಮಾಷೆಗೂ ನಾನು ಬಳಸುವುದಿಲ್ಲ.

ಹೆಲ್ಮೆಟ್

ಪೆಡಲ್ ಇಲ್ಲದ ದಿನದಿಂದಲೇ ಇದೆ. ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು. ಹಣೆ ಪೂರ್ತಿ ಕಾಣುವಂತೆ ಹಿಂದಕ್ಕೆ ತಳ್ಳಿದರೆ ಪ್ರಯೋಜನವಿಲ್ಲ. ಪಟ್ಟಿಗಳು ಕಿವಿಯ ಕೆಳಗೆ ಸೇರಬೇಕು, ಗದ್ದದ ಕೆಳಗೆ ಒಂದೆರಡು ಬೆರಳು ಮಾತ್ರ ಹೋಗಬೇಕು. ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಬದಲಿಸಲೇಬೇಕು, ಒಳಗಿನ ಥರ್ಮೋಕೋಲ್ ಒಂದು ಸಲ ಅದುಮಿಕೊಂಡರೆ ಮತ್ತೆ ಕಾಪಾಡುವುದಿಲ್ಲ.

ಜುಲೈ: ಪೆಡಲ್

ಇದರ ಬಗ್ಗೆ ಬರೆಯಲು ಜಾಸ್ತಿ ಇಲ್ಲ. ಒಂದು ಪೆಡಲ್ ಮುಂದಕ್ಕೆ, ಸ್ವಲ್ಪ ಮೇಲಕ್ಕೆ ಇರುವಂತೆ ಇಟ್ಟುಕೊಂಡು ತುಳಿದಳು. ನಾನು ಸೀಟನ್ನಾಗಲಿ ಹ್ಯಾಂಡಲನ್ನಾಗಲಿ ಹಿಡಿಯಲಿಲ್ಲ. ಹಿಡಿದರೆ ಬ್ಯಾಲೆನ್ಸ್ ನಮ್ಮದಾಗುತ್ತದೆ, ಮಗುವಿನದ್ದಾಗುವುದಿಲ್ಲ. ಭುಜದ ಹಿಂದೆ ಅಂಗೈ ಇಟ್ಟಿದ್ದೆ, ಅಷ್ಟೇ. ಅವತ್ತೇ ಬಂತು. ಮನೆಗೆ ಬಂದು ತಾತನ ಕುತ್ತಿಗೆಗೆ ಜೋತುಬಿದ್ದಳು.

ಆಗಸ್ಟ್: ಗೇಟು ಮತ್ತು ರಸ್ತೆ

ನನಗೆ ಅತಿ ಹೆಚ್ಚು ಭಯವಿದ್ದದ್ದು ನಮ್ಮ ಮನೆಯ ಗೇಟಿನದ್ದೇ. ಮಕ್ಕಳು ಖುಷಿಯಲ್ಲಿ ಗೇಟಿನಿಂದ ಸೀದಾ ರಸ್ತೆಗೆ ನುಗ್ಗುತ್ತಾರೆ. ಪಕ್ಕದಲ್ಲಿ ಕಾರು ನಿಂತಿದ್ದರೆ ಬರುವ ಸ್ಕೂಟರಿನವರಿಗೆ ಇಷ್ಟೆತ್ತರದ ಮಗು ಕಾಣುವುದೇ ಇಲ್ಲ. ಹತ್ತು ವರ್ಷದ ಒಳಗಿನ ಮಕ್ಕಳಿಗೆ ಎದುರಿನ ಗಾಡಿಯ ವೇಗದ ಅಂದಾಜೂ ಸರಿಯಾಗಿ ಸಿಗುವುದಿಲ್ಲ. ಅದು ಅವರ ತಪ್ಪಲ್ಲ, ಆ ವಯಸ್ಸೇ ಹಾಗೆ. ಅದಕ್ಕೇ ಗೇಟಿನಲ್ಲಿ ಕಡ್ಡಾಯವಾಗಿ ಕಾಲೂರಬೇಕು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಬೇಕು. ನಮ್ಮಲ್ಲಿ ಗಾಡಿಗಳು ಎಡಗಡೆ ಓಡುವುದರಿಂದ ಹತ್ತಿರದ ಗಾಡಿ ಬರುವುದು ಬಲಗಡೆಯಿಂದ. ರಸ್ತೆ ಖಾಲಿ ಇದ್ದರೂ ಇಷ್ಟು ಮಾಡಲೇಬೇಕು.

ನಿಂತ ಕಾರುಗಳ ಪಕ್ಕ ಹೋಗುವಾಗ ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ದೂರ ಬಿಡುವುದನ್ನು ಕಲಿಸಿದೆ. ಕಾರಿನೊಳಗೆ ತಲೆ ಕಾಣುತ್ತದಾ ಅಂತ ನೋಡುವುದು ಈಗ ಅವಳಿಗೆ ಆಟವಾಗಿದೆ. "ಅಮ್ಮ, ಇದರಲ್ಲಿ ಅಂಕಲ್ ಇದ್ದಾರೆ" ಅಂತ ಕೂಗಿ ನಿಧಾನ ಮಾಡುತ್ತಾಳೆ.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬಾರದು. ಓಡುವುದನ್ನು ಕಂಡರೆ ನಾಯಿಗೆ ಇನ್ನೂ ಹುರುಪು. ಇಳಿದು, ಸೈಕಲನ್ನು ಇಬ್ಬರ ನಡುವೆ ಇಟ್ಟುಕೊಂಡು, ಮೆಲ್ಲಗೆ ನಡೆಯಬೇಕು. ಮೂರನೇ ಕ್ರಾಸಿನ ಕಂದು ನಾಯಿಯ ಹತ್ತಿರ ಇದು ಕೆಲಸ ಮಾಡಿದೆ.

ಈಗ ನಡೆಯುತ್ತಿರುವುದು

ಹೊರಡುವ ಮುಂಚೆ ಗಾಳಿ, ಬ್ರೇಕು, ಚೈನು ಅವಳೇ ನೋಡುತ್ತಾಳೆ. ಸೀಟ್ ಸ್ವಲ್ಪ ಏರಿಸಿದ್ದೇನೆ, ಈಗ ನೆಲಕ್ಕೆ ಮುಂಗಾಲು ಮಾತ್ರ ಸಿಗುತ್ತದೆ. ರಸ್ತೆಯಲ್ಲಿ ಅವಳು ಮುಂದೆ, ಎಡಗಡೆಗೆ. ನಾನು ನನ್ನ ಸೈಕಲ್ಲಿನಲ್ಲಿ ಹಿಂದೆ, ಸ್ವಲ್ಪ ಬಲಕ್ಕೆ. ಹಿಂದಿನ ಗಾಡಿಗಳಿಗೆ ಮೊದಲು ಕಾಣಬೇಕಾದವಳು ನಾನು.

ಹಿಂದೆ ತಿರುಗಿ ನೋಡುವಾಗ ಹ್ಯಾಂಡಲ್ಲೂ ಜೊತೆಗೆ ತಿರುಗಿಬಿಡುತ್ತದೆ. ಅದಕ್ಕೆ ಮೈದಾನದಲ್ಲಿ ಒಂದು ಅಭ್ಯಾಸ: ಅವಳು ನೇರ ಗೆರೆಯ ಮೇಲೆ ಹೋಗುತ್ತಾಳೆ, ನಾನು ಹಿಂದೆ ನಿಂತು ಬೆರಳು ತೋರಿಸುತ್ತೇನೆ. ಅವಳು ಭುಜದ ಮೇಲಿಂದ ನೋಡಿ ಎಷ್ಟು ಅಂತ ಹೇಳಬೇಕು, ಗೆರೆ ಬಿಡಬಾರದು. ಬಲಭುಜದ ಕಡೆಗೆ ಇನ್ನೂ ಗೆರೆ ತಪ್ಪುತ್ತದೆ. ಒಂದು ಕೈ ಬಿಟ್ಟು ಓಡಿಸುವುದು ಸ್ವಲ್ಪ ಬಂದಿದೆ.

ಇವೆರಡೂ ಸೇರಿದರೆ ಬಲಕ್ಕೆ ತಿರುಗುವುದನ್ನು ಕಲಿಸಬಹುದು. ಹಿಂದೆ ನೋಡಿ, ಕೈ ತೋರಿಸಿ, ಎದುರಿನ ಗಾಡಿಗೆ ದಾರಿ ಬಿಟ್ಟು ತಿರುಗಬೇಕು. ದಸರಾ ರಜೆಯಲ್ಲಿ ಮೈದಾನದಲ್ಲೇ ಶುರು ಮಾಡುತ್ತೇನೆ. ಅಲ್ಲಿಯವರೆಗೆ ಬಲಕ್ಕೆ ಹೋಗಬೇಕಾದ ಕಡೆಯೆಲ್ಲ ಎಡ ಅಂಚಿನಲ್ಲಿ ನಿಂತು, ಇಳಿದು, ಎರಡೂ ಕಡೆ ನೋಡಿ, ಸೈಕಲ್ ತಳ್ಳಿಕೊಂಡೇ ದಾಟುತ್ತೇವೆ.