ಪೈಪ್ ಹಾಕಿ ಎಳೆದ ಪ್ಲಗ್ಗು

ಜೆ.ಸಿ. ರೋಡ್ ಪಕ್ಕದ ಗಲ್ಲಿಯ ಗ್ಯಾರೇಜಿಗೆ ಸೇರಿ ಆಗಿನ್ನೂ ಎರಡನೇ ವರ್ಷ. ಹಳೇ ಪೆಟ್ರೋಲ್ ಕಾರೊಂದು ಸರ್ವೀಸಿಗೆ ಬಂದಿತ್ತು. ಮೂರು ಸ್ಪಾರ್ಕ್ ಪ್ಲಗ್ಗು ಸಲೀಸಾಗಿ ಬಂದವು. ನಾಲ್ಕನೆಯದು ಅರ್ಧ ಸುತ್ತು ತಿರುಗಿ ಕಿರ್ ಅಂತ ಹಿಡಿದುಕೊಂಡಿತು. ಓನರ್ ಟೀ ಕುಡಿದು ಬರುವಷ್ಟರಲ್ಲಿ ಮುಗಿಸಬೇಕು ಅಂತ ನನ್ನ ಆತುರ. ಪಾನದ (ಸ್ಪ್ಯಾನರ್) ಹಿಡಿಗೆ ಪೈಪ್ ತೂರಿಸಿ ಎಳೆದೆ. ಟಕ್! ಕೈ ಹಗುರಾಯಿತು, ಬಂತು ಅಂದುಕೊಂಡೆ. ಬಂದದ್ದು ಮೇಲಿನ ತಲೆ ಮಾತ್ರ. ಥ್ರೆಡ್ಡಿನ (ತಿರುಪಿನ) ಭಾಗ ಇಂಜಿನ್ನಿನ ಸಿಲಿಂಡರ್ ಹೆಡ್ಡೊಳಗೇ ಕೂತಿತ್ತು.

ಮೇಸ್ತ್ರಿ ಬೈಯಲಿಲ್ಲ. ಟಾರ್ಚ್ ಹಾಕಿ ಬಗ್ಗಿ ನೋಡಿ, "ಕೀ ತೆಗೆದು ನನ್ನ ಕೈಗೆ ಕೊಡೋ, ಯಾರೂ ಸೆಲ್ಫ್ ಹೊಡೀಬಾರ್ದು" ಅಂದರು. ಪ್ಲಗ್ಗಿನ ಪಿಂಗಾಣಿ ಚೂರು ಒಳಗೆ ಬಿದ್ದಿದ್ದರೆ, ಇಂಜಿನ್ ತಿರುಗಿದಾಗ ಸಿಲಿಂಡರಿನ ಗೋಡೆಗೆ ಗೀರು ಬೀಳುತ್ತದೆ. ವ್ಯಾಕ್ಯೂಮ್ ಬಾಯಿಗೆ ಸಣ್ಣ ಟ್ಯೂಬ್ ಕಟ್ಟಿ ಚೂರೆಲ್ಲ ಎಳೆದರು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿದರು. ಬೆಳಿಗ್ಗೆ ಮುರಿದ ತುಂಡು ಕೀಳುವ ಎಡಸುರುಳಿ ಎಕ್ಸ್‌ಟ್ರಾಕ್ಟರನ್ನು ಮೆಲ್ಲಗೆ ಬಡಿದು ಕೂರಿಸಿ, ಕೂದಲೆಳೆಯಷ್ಟು ಬಿಚ್ಚೋದು, ಮತ್ತೆ ಒಳಕ್ಕೆ ತಿರುಗಿಸೋದು, ಎಣ್ಣೆ ಬಿಡೋದು. ಮಧ್ಯಾಹ್ನ ಊಟದ ಹೊತ್ತಿಗೆ ಬಂತು. ಥ್ರೆಡ್ ಉಳಿದಿತ್ತು, ನನ್ನ ಪುಣ್ಯ. ಇಲ್ಲದಿದ್ದರೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ಡಿನ ತಂತಿ ಸುರುಳಿ, ಹಾಕಿಸಬೇಕಿತ್ತು. ಕೊನೆಗೆ ಥ್ರೆಡ್ ಕೊರೆಯುವ 14 ಎಂಎಂ ಟ್ಯಾಪಿನ ಸಂದಿಗೆ ಗ್ರೀಸ್ ಮೆತ್ತಿ ಥ್ರೆಡ್ ಒರೆಸಿದರು. ಪುಡಿ ಗ್ರೀಸಿಗೆ ಅಂಟಿಕೊಂಡು ಬಂತು.

ಹೆಡ್ಡು ಅಲ್ಯೂಮಿನಿಯಂ, ಪ್ಲಗ್ಗು ಕಬ್ಬಿಣ. ನೀರು ಸೇರಿದರೆ ಎರಡೂ ಕಚ್ಚಿಕೊಳ್ಳುತ್ತವೆ. ವಾಟರ್ ಸರ್ವೀಸಲ್ಲಿ ಬಾನೆಟ್ ತೆಗೆದು ಜೋರಾಗಿ ನೀರು ಹೊಡೆಸುತ್ತಾರಲ್ವಾ, ಅದು ಪ್ಲಗ್ ಗುಂಡಿಯಲ್ಲಿ ನಿಂತಿರುತ್ತದೆ. ಇಂಜಿನ್ ಫಳಫಳ, ಒಳಗೆ ತುಕ್ಕು! ಥ್ರೆಡ್ಡಿನ ತುದಿಗೆ ಕಾರ್ಬನ್ ಕಟ್ಟಿದ್ದರೂ ಇದೇ ಪಾಡು.

ಈಗ ಮೊದಲು ಗುಂಡಿಗೆ ಏರ್ ಹೊಡೆಯುತ್ತೇನೆ. ಇಂಜಿನ್ ಸುಡುವಾಗ ಮುಟ್ಟುವುದಿಲ್ಲ, ಬಿಸಿ ಅಲ್ಯೂಮಿನಿಯಂ ಥ್ರೆಡ್ ಬೇಗ ಕಿತ್ತು ಬರುತ್ತದೆ. ಬಿಗಿ ಅನಿಸಿದರೆ ಅಲ್ಲಿಗೇ ನಿಲ್ಲಿಸಿ, ವಾಪಸ್ ಒಳಕ್ಕೆ ತಿರುಗಿಸಿ, ಎಣ್ಣೆ ಬಿಡುತ್ತೇನೆ. ಹೊಸ ಪ್ಲಗ್ಗನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸೋದು, ಆಮೇಲೆ ಪಾನ. ವಾಷರ್ ಇರುವ 14 ಎಂಎಂ ಪ್ಲಗ್ಗಾದರೆ ಕೂತ ಮೇಲೆ ಸುಮಾರು ಅರ್ಧ ಸುತ್ತು ಸಾಕು.

ಎಣ್ಣೆ ಬಿಟ್ಟ ಕೂಡಲೇ ಓನರ್‌ಗೆ ಫೋನ್ ಹಾಕುತ್ತೇನೆ. "ಸಾರ್, ಗಾಡಿ ಇವತ್ತು ಆಗಲ್ಲ, ನಾಳೆ ಬನ್ನಿ." ಒಂದು ಪ್ಲಗ್ಗಿಗೆ ಒಂದು ದಿನಾನಾ ಅಂತ ಕೆಲವರು ರೇಗುತ್ತಾರೆ. ರೇಗಲಿ ಬಿಡಿ.