ಬ್ಯಾಂಡೇಜ್ ಬದಲಿಸುವ ಹತ್ತು ನಿಮಿಷ

ಗಾಯದ ಕಲ್ಚರ್ ರಿಪೋರ್ಟಿನಲ್ಲಿ, ಅಂದರೆ ಕೀವಿನಲ್ಲಿ ಯಾವ ರೋಗಾಣು ಇದೆ ಎಂದು ಲ್ಯಾಬಿನಲ್ಲಿ ಬೆಳೆಸಿ ನೋಡಿದ ವರದಿಯಲ್ಲಿ, ಎಂಆರ್‌ಎಸ್‌ಎ (ಹಲವು ಸಾಮಾನ್ಯ ಆಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾ) ಎಂದು ಬಂದವರು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಮರುದಿನ ಬೆಳಿಗ್ಗೆ ಮನೆಯವರೇ ಮೊದಲ ಸಲ ಬ್ಯಾಂಡೇಜ್ ಬದಲಿಸಬೇಕು. ಎಲ್ಲರ ಕಣ್ಣೂ ಗಾಯದ ಮೇಲೆ ನೆಟ್ಟಿರುವಾಗ, ಬದಲಿಸುವವರ ಕೈ ಏನೇನು ಮುಟ್ಟಿತು ಎಂಬುದನ್ನು ಯಾರೂ ಗಮನಿಸುವುದಿಲ್ಲ. ಈ ಬ್ಯಾಕ್ಟೀರಿಯಾ ಮನೆಯೊಳಗೆ ಓಡಾಡುವುದು ಮುಖ್ಯವಾಗಿ ಕೈಯ ಮೂಲಕವೇ.

ಬಿಚ್ಚುವ ಮುಂಚೆ ಹೊಸ ಗಾಜ್ (ಗಾಯದ ಮೇಲಿಡುವ ತೆಳು ಬಟ್ಟೆ), ಎರಡು ಜೊತೆ ಗ್ಲೌಸ್, ಬಾಯಿ ತೆರೆದ ಪ್ಲಾಸ್ಟಿಕ್ ಚೀಲ ಎಲ್ಲವೂ ಕೈಗೆಟುಕುವಂತಿರಲಿ. ಟೇಪನ್ನೂ ಮೊದಲೇ ಕತ್ತರಿಸಿಡಿ. ನಡುವೆ ಕತ್ತರಿ ಹುಡುಕಲು ಗ್ಲೌಸ್ ಕೈಯಲ್ಲೇ ಡ್ರಾಯರ್ ಎಳೆದರೆ ಅದರ ಹಿಡಿಗೆ ಕೀವಿನ ಅಂಶ ಅಂಟಿತೆಂದೇ ಲೆಕ್ಕ. ಒಣ ಜಾಗದಲ್ಲಿ ಈ ಬ್ಯಾಕ್ಟೀರಿಯಾ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬದುಕಿರಬಲ್ಲದು.

ಹಳೆಯ ಗಾಜ್ ತೆಗೆದು ನೇರ ಚೀಲಕ್ಕೆ ಹಾಕಿ. ಅದೇ ಗ್ಲೌಸಿನಲ್ಲಿ ಹೊಸ ಗಾಜ್ ಮುಟ್ಟಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಗ್ಲೌಸನ್ನು ಮಣಿಕಟ್ಟಿನ ಹೊರಭಾಗದಲ್ಲಿ ಚಿವುಟಿ ಹಿಡಿದು ಒಳಮೈ ಹೊರಗಾಗುವಂತೆ ಎಳೆಯಿರಿ, ಅದನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿಯಿರಿ. ಬರಿಗೈಯ ಬೆರಳನ್ನು ಎರಡನೆಯದರ ಅಂಚಿನೊಳಗೆ ತೂರಿಸಿ ಸುಲಿದರೆ ಮೊದಲನೆಯದು ಅದರೊಳಗೇ ಗಂಟಾಗುತ್ತದೆ. ಆಮೇಲೆ ಸೋಪು ಹಚ್ಚಿ ಕನಿಷ್ಠ 20 ಸೆಕೆಂಡ್ ಉಜ್ಜಿ. ಹೆಬ್ಬೆರಳು, ಬೆರಳ ತುದಿ, ಉಂಗುರದ ಅಡಿ ಬಿಟ್ಟುಹೋಗದಿರಲಿ. ಕೈ ಪೂರ್ತಿ ಒರೆಸಿಕೊಂಡು ಹೊಸ ಗ್ಲೌಸ್ ಹಾಕಿ. ಒದ್ದೆ ಕೈ ರೋಗಾಣುವನ್ನು ಸುಲಭವಾಗಿ ದಾಟಿಸುತ್ತದೆ. ಗಾಯದವರ ಟವೆಲ್, ರೇಜರ್ ಬೇರೆಯೇ ಇರಬೇಕು. ಇದರಲ್ಲಿ ದಾಕ್ಷಿಣ್ಯ ಬೇಡ.

ಗಾಯಕ್ಕೆ ತಾಗಿದ ಬಟ್ಟೆ, ಹೊದಿಕೆಗಳನ್ನು ಕೊಡವಬೇಡಿ. ಮೈಗೆ ತಾಗದಂತೆ ಸುತ್ತಿ ಒಯ್ದು, ಬಟ್ಟೆ ತಾಳುವಷ್ಟು ಬಿಸಿ ನೀರಿನಲ್ಲಿ ಒಗೆದು, ಪೂರ್ತಿ ಒಣಗಿಸಿ.

ಕೆಲಸ ಮಾಡಿದ ಮೇಜನ್ನು ಮೊದಲು ಸೋಪು ನೀರಿನಿಂದ ಒರೆಸಿ, ಆಮೇಲೆ ಬ್ಲೀಚ್. ಕೊಳೆ ಉಳಿದರೆ ಬ್ಲೀಚಿನ ಕ್ಲೋರಿನ್ ಅದರ ಮೇಲೇ ಖರ್ಚಾಗಿ ಬಲ ಕಳೆದುಕೊಳ್ಳುತ್ತದೆ. ಶೇ. 5ರ ಬ್ಲೀಚ್ ಆದರೆ 20 ಮಿ.ಲೀ.ಗೆ ಒಂದು ಲೀಟರ್ ತಣ್ಣೀರು ಸಾಕು. ಹತ್ತು ನಿಮಿಷ ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಹಚ್ಚಿದ ತಕ್ಷಣ ಒರೆಸಿದರೆ ವಾಸನೆ ಬಂದೀತು, ಕೆಲಸ ಆಗದು. ದಿನವೂ ಹೊಸದಾಗಿ ಬೆರೆಸಿ, ಕಿಟಕಿ ತೆರೆದಿಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಇದಕ್ಕೆ ತಾಗಿದರೆ ವಿಷಾನಿಲ ಏಳುತ್ತದೆ.

ತಟ್ಟೆ ಲೋಟ ಬೇರೆ ಇಡಬೇಕಿಲ್ಲ, ಸೋಪಿನಲ್ಲಿ ತೊಳೆದರಾಯಿತು. ಗಾಯ ಪೂರ್ತಿ ಮುಚ್ಚಿದ್ದರೆ ಜೊತೆಗೆ ಕೂತು ಉಣ್ಣಬಹುದು, ಮಕ್ಕಳು ಪಕ್ಕದಲ್ಲಿ ಕೂರಬಹುದು. ಕಾಯಿಲೆಯವರನ್ನು ಅಸ್ಪೃಶ್ಯರಂತೆ ಮೂಲೆಗೆ ಕೂರಿಸುವುದನ್ನು ಕಂಡರೆ ಸಂಕಟವಾಗುತ್ತದೆ.

ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ಕೊಡಿ. ಉಳಿದದ್ದನ್ನು ಇನ್ನೊಬ್ಬರ ಜ್ವರಕ್ಕೆಂದು ಎತ್ತಿಡಬೇಡಿ.

ಹೊಸ ಬ್ಯಾಂಡೇಜ್ ಕಟ್ಟುವ ಮುಂಚೆ ಕೆಂಪಾದ ಭಾಗದ ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯಿರಿ. ಕೆಂಪು ಆ ಗೆರೆ ದಾಟಿದರೆ ಅಥವಾ ಜ್ವರ, ಚಳಿ ಬಂದರೆ ನಾಳೆಗೆ ಕಾಯಬೇಡಿ. ಕಲ್ಚರ್ ರಿಪೋರ್ಟ್ ಹಿಡಿದು ಆಗಲೇ ವೈದ್ಯರ ಬಳಿ ಹೊರಡಿ.